ಬರ್ಕ್ಲಿಯ ಹಿತ್ತಲಿಗೊಂದು ಸ್ಮೋಕರ್

ಸ್ಮೋಕರ್ ಎಂದರೆ ಹೊಗೆಯನ್ನು ಒಳಗೇ ಸುಳಿದಾಡಿಸುತ್ತ ಮಂದ ಕಾವಿನಲ್ಲಿ ಗಂಟೆಗಟ್ಟಲೆ ಆಹಾರ ಬೇಯಿಸುವ ಮುಚ್ಚಿದ ಒಲೆ. ಕೆಂಡದ ಮೇಲೆ ನೇರವಾಗಿ ಸುಡುವ ಗ್ರಿಲ್ ಕೆಲವು ನಿಮಿಷಗಳಲ್ಲಿ ಕೆಲಸ ಮುಗಿಸುತ್ತದೆ. ಸ್ಮೋಕರ್‌ನಲ್ಲಿ ಬೆಂಕಿ ಒಂದು ಕಡೆ, ಆಹಾರ ಇನ್ನೊಂದು ಕಡೆ. ನಡುವೆ ಓಡಾಡುವುದು 105ರಿಂದ 120 ಡಿಗ್ರಿ ಸೆಲ್ಸಿಯಸ್‌ನ ಬಿಸಿಗಾಳಿ ಮತ್ತು ಹೊಗೆ. ಅಮೆರಿಕದ ಅಂಗಡಿಗಳಲ್ಲಿ ಅಗ್ಗದ ತಗಡಿನ ಡಬ್ಬಿಯಿಂದ ಹಿಡಿದು, ಫೋನಿನಲ್ಲೇ ನಡೆಸಬಹುದಾದ, ಎರಡು ಸಾವಿರ ಡಾಲರ್ ದಾಟುವ ಯಂತ್ರದವರೆಗೆ ಎಲ್ಲವೂ ಈ ಹೆಸರಿನಲ್ಲಿ ಸಿಗುತ್ತವೆ. ಮೊದಲ ಸಲ ಕೊಳ್ಳಹೊರಟವರ ಕಣ್ಣು ಸಹಜವಾಗಿ ಬೆಲೆಚೀಟಿಯ ಮೇಲೆ ಹೋಗುತ್ತದೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಂಥ ಊರಿನಲ್ಲಿ ಅದಕ್ಕೂ ಮೊದಲು ನೋಡಬೇಕಾದವು ಮನೆಯ ಹಿತ್ತಲು, ಪಕ್ಕದ ಮನೆಯ ಕಿಟಕಿ, ಮತ್ತು ಆ ಮನೆಯವರು ನಿಜವಾಗಿ ಏನು ತಿನ್ನುತ್ತಾರೆ ಎಂಬುದು. ಇವು ಗೊತ್ತಾದರೆ ಅಂಗಡಿಯಲ್ಲಿ ಅರ್ಧದಷ್ಟು ಸರಕಿನ ಕಡೆ ತಿರುಗಿ ನೋಡಬೇಕಾಗಿಲ್ಲ.

ಆಹಾರಕ್ಕೆ ಹೊಗೆ ಕೊಡುವುದು ಕರ್ನಾಟಕದವರಿಗೆ ಹೊಸದೇನಲ್ಲ. ಕೊಡಗಿನ ಮನೆಗಳಲ್ಲಿ ಉಪ್ಪು ಸವರಿದ ಹಂದಿಮಾಂಸದ ಸೀಳುಗಳನ್ನು ಒಲೆಯ ಮೇಲೆ ತೂಗುಹಾಕಿ ಮಳೆಗಾಲಕ್ಕೆ ಒಣಗಿಸಿಡುತ್ತಿದ್ದರು. ಮಲೆನಾಡು ಮತ್ತು ಉತ್ತರ ಕನ್ನಡದಲ್ಲಿ ಉಪ್ಪಾಗೆ ಹಣ್ಣಾಗುವುದೇ ಮಳೆಗಾಲದಲ್ಲಿ. ಬಿಸಿಲಿಲ್ಲದ ಆ ದಿನಗಳಲ್ಲಿ ಅದರ ಸಿಪ್ಪೆ ಒಣಗಬೇಕಾದ್ದು ಒಲೆಯ ಹೊಗೆಗೆ. ಸುಳ್ಯ, ಪುತ್ತೂರಿನ ಕಡೆ ರಬ್ಬರ್ ಹಾಳೆ ಒಣಗಿಸುವ ಹೊಗೆಮನೆಯೂ ತತ್ತ್ವದಲ್ಲಿ ಇದೇ. ಇಲ್ಲೆಲ್ಲ ಹೊಗೆಯ ಕೆಲಸ ನೀರು ಆರಿಸಿ ಕೆಡದಂತೆ ಕಾಯುವುದು. ಅಮೆರಿಕದ ಹಿತ್ತಲ ಸ್ಮೋಕರ್‌ನ ಉದ್ದೇಶ ಬೇರೆ: ಗಟ್ಟಿ ಮಾಂಸವನ್ನು ನಿಧಾನವಾಗಿ ಬೇಯಿಸಿ ಮೆತ್ತಗಾಗಿಸುವುದು, ಜೊತೆಗೆ ಹೊಗೆಯ ರುಚಿ ಹಿಡಿಸುವುದು. ಈ ಅಡುಗೆ ಬರ್ಕ್ಲಿ, ಓಕ್‌ಲ್ಯಾಂಡ್ ಕಡೆ ಬೇರೂರಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಪಕ್ಕದ ರಿಚ್ಮಂಡ್‌ನ ಕೈಸರ್ ಹಡಗುಕಟ್ಟೆಗಳಿಗೆ ಕೆಲಸ ಹುಡುಕಿಕೊಂಡು ಟೆಕ್ಸಸ್, ಲೂಯಿಸಿಯಾನಾಗಳಿಂದ ಬಂದ ಕಪ್ಪು ಕುಟುಂಬಗಳು ತಮ್ಮ ಬಾರ್ಬೆಕ್ಯೂವನ್ನೂ ತಂದವು. ಡೊರೊತಿ ಎವರೆಟ್ ಮತ್ತು ಅವರ ಹೆಣ್ಣುಮಕ್ಕಳು 1973ರಲ್ಲಿ ಓಕ್‌ಲ್ಯಾಂಡಿನಲ್ಲಿ ಆರಂಭಿಸಿದ ಎವರೆಟ್ ಆ್ಯಂಡ್ ಜೋನ್ಸ್ ಆ ಪರಂಪರೆಯದು. ಮುಂದೆ ಬರ್ಕ್ಲಿಯ ಸ್ಯಾನ್ ಪಾಬ್ಲೊ ಅವೆನ್ಯೂದಲ್ಲೂ ಅದರ ಅಂಗಡಿ ತೆರೆಯಿತು. ಅಂಥ ಅಂಗಡಿಗಳ ಇಟ್ಟಿಗೆಗೂಡಿನಲ್ಲಿ ದಿನವಿಡೀ ಸೌದೆ ಉರಿಯುತ್ತದೆ, ಅದನ್ನು ನೋಡಿಕೊಳ್ಳಲೆಂದೇ ಜನ ಇರುತ್ತಾರೆ. ಮನೆಯ ಸ್ಮೋಕರ್‌ಗಳೆಲ್ಲ ಆ ಗೂಡನ್ನು ಒಬ್ಬರೇ ಸಂಭಾಳಿಸುವಷ್ಟು ಕುಗ್ಗಿಸುವ ಪ್ರಯತ್ನಗಳು. ಎಲ್ಲಿ ಎಷ್ಟು ಕುಗ್ಗಿಸಿದ್ದಾರೆ ಎಂಬುದರಲ್ಲೇ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ.

ಹೊಗೆ ಹೇಗೆ ಹುಟ್ಟುತ್ತದೆ ಎಂದು ತಿಳಿದಿದ್ದರೆ ಆಯ್ಕೆ ಸುಲಭ. ಮರದ ಮುಖ್ಯ ಘಟಕಗಳು ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್. ಮೊದಲ ಎರಡು ಕಾವಿಗೆ ಒಡೆದು ಸಿಹಿಯತ್ತ ವಾಲುವ ಪರಿಮಳಗಳನ್ನೂ ಬಣ್ಣವನ್ನೂ ಕೊಡುತ್ತವೆ. ಲಿಗ್ನಿನ್ ಒಡೆದಾಗ ಬರುವ ಗ್ವಾಯಕೋಲ್ ಮತ್ತು ಸಿರಿಂಗೋಲ್‌ಗಳೇ ಮೂಗಿಗೆ ‘ಹೊಗೆ’ ಎಂದು ತಿಳಿಯುವ ರುಚಿ, ವಾಸನೆ. ಬೆಂಕಿಗೆ ಗಾಳಿ ಸಾಕಷ್ಟು ಸಿಕ್ಕರೆ ಕಂಡೂ ಕಾಣದ ತೆಳು ನೀಲಿ ಹೊಗೆ ಬರುತ್ತದೆ. ಗಾಳಿ ಕಟ್ಟಿದರೆ, ಸೌದೆ ಹಸಿಯಾಗಿದ್ದರೆ ದಟ್ಟ ಬಿಳಿ ಹೊಗೆ ಏಳುತ್ತದೆ. ಅದರಲ್ಲಿರುವ ಡಾಂಬರಿನಂಥ ಅಂಶ ಆಹಾರದ ಮೇಲೆ ಕೂತು ಕಹಿ ಹಿಡಿಸುತ್ತದೆ. ಹೊಸಬರ ಅಡುಗೆ ಹೆಚ್ಚಾಗಿ ಕೆಡುವುದು ಹೊಗೆ ಕಡಿಮೆಯಾಗಿ ಅಲ್ಲ, ಕೆಟ್ಟ ಹೊಗೆ ಹೆಚ್ಚಾಗಿ. ಆದ್ದರಿಂದ ಒಳ್ಳೆಯ ಸ್ಮೋಕರ್‌ಗೆ ಮೊದಲ ಗುರುತು ಸರಾಗವಾಗಿ ತೆರೆದು ಮುಚ್ಚುವ ಗಾಳಿಗಿಂಡಿಗಳು, ಸಂದಿಲ್ಲದೆ ಕೂರುವ ಮುಚ್ಚಳ. ಉಳಿದ ಅಲಂಕಾರಗಳೆಲ್ಲ ಆಮೇಲಿನ ಮಾತು.

ಇನ್ನು ಜಾಗದ ಪ್ರಶ್ನೆ. ಬರ್ಕ್ಲಿಯ ತಗ್ಗಿನ ಭಾಗದಲ್ಲಿ ಇಪ್ಪತ್ತನೇ ಶತಮಾನದ ಮೊದಲ ದಶಕಗಳ ಮರದ ಬಂಗಲೆಗಳು ಒಂದಕ್ಕೊಂದು ಒತ್ತಿ ನಿಂತಿವೆ. ವಿಶ್ವವಿದ್ಯಾಲಯದ ಸುತ್ತ ಬಹುಮಹಡಿ ವಸತಿಗಳು. ಊರಿನ ಅರ್ಧಕ್ಕಿಂತ ಹೆಚ್ಚು ಮನೆಗಳು ಬಾಡಿಗೆಯವು. ಪೂರ್ವದ ಗುಡ್ಡಗಳ ಮೇಲೆ ಮರಗಳ ನಡುವೆ ಮನೆಗಳಿವೆ, ಮತ್ತು ಆ ಗುಡ್ಡಗಳಿಗೆ ಬೆಂಕಿಯ ಇತಿಹಾಸವಿದೆ. 1923ರ ಸೆಪ್ಟೆಂಬರ್ 17ರಂದು ಗುಡ್ಡದಿಂದ ಇಳಿದ ಕಾಳ್ಗಿಚ್ಚು ಉತ್ತರ ಬರ್ಕ್ಲಿಯಲ್ಲಿ ಸುಮಾರು ಆರುನೂರು ಕಟ್ಟಡಗಳನ್ನು ಸುಟ್ಟಿತು. 1991ರ ಅಕ್ಟೋಬರ್‌ನಲ್ಲಿ ಓಕ್‌ಲ್ಯಾಂಡ್–ಬರ್ಕ್ಲಿ ಗುಡ್ಡಗಳ ಬೆಂಕಿ 25 ಜನರ ಜೀವ ತೆಗೆಯಿತು. ಅದು ಹಿಂದಿನ ದಿನ ಆರಿತೆಂದುಕೊಂಡಿದ್ದ ಚಿಕ್ಕ ಹುಲ್ಲುಬೆಂಕಿ ಮರುದಿನದ ಒಣಗಾಳಿಗೆ ಮತ್ತೆ ಎದ್ದದ್ದು. ಸೆಪ್ಟೆಂಬರ್, ಅಕ್ಟೋಬರ್ ಇಲ್ಲಿ ವರ್ಷದ ಅತಿ ಬಿಸಿಯ ತಿಂಗಳುಗಳು. ಒಳನಾಡಿನಿಂದ ಒಣಗಾಳಿ ಬೀಸಿ ಕಾಳ್ಗಿಚ್ಚಿನ ಅಪಾಯ ಸಾರುವ ಕೆಂಪು ಬಾವುಟದ ಎಚ್ಚರಿಕೆ ಹೊರಬಿದ್ದ ದಿನ ಕಿಡಿ ಹಾರುವ ಯಾವುದನ್ನೂ ಹೊರಗೆ ಹಚ್ಚಬಾರದು.

ಕ್ಯಾಲಿಫೋರ್ನಿಯಾದ ಅಗ್ನಿ ಸಂಹಿತೆ ಇನ್ನೊಂದು ಗೆರೆ ಎಳೆದಿದೆ. ಇದ್ದಿಲಿನ ಒಲೆ ಮತ್ತು ತೆರೆದ ಜ್ವಾಲೆಯ ಅಡುಗೆ ಸಲಕರಣೆಗಳನ್ನು ಮರದ ಬಾಲ್ಕನಿಯ ಮೇಲಾಗಲಿ, ಸುಡಬಲ್ಲ ಗೋಡೆಯಿಂದ 10 ಅಡಿಯೊಳಗಾಗಲಿ ಬಳಸುವಂತಿಲ್ಲ. ಒಂದು ಅಥವಾ ಎರಡು ಕುಟುಂಬಗಳ ಮನೆಗಳಿಗೆ, ನೀರು ಚಿಮ್ಮುವ ಸ್ಪ್ರಿಂಕ್ಲರ್ ಇರುವ ಕಟ್ಟಡಗಳಿಗೆ, ಒಂದು ಪೌಂಡಿನ ಪುಟ್ಟ ಪ್ರೊಪೇನ್ ಡಬ್ಬಿಯ ಒಲೆಗಳಿಗೆ ಇದರಲ್ಲಿ ವಿನಾಯಿತಿ ಉಂಟು. ಹೀಗಾಗಿ ಹಳೆಯ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿರುವವರ ಪಾಲಿಗೆ ಇದ್ದಿಲಿನ ಸ್ಮೋಕರ್ ಅಂಗಡಿಗೆ ಹೋಗುವ ಮುಂಚೆಯೇ ಪಟ್ಟಿಯಿಂದ ಬಿದ್ದುಹೋಗುತ್ತದೆ. ಬಾಡಿಗೆ ಕರಾರಿನಲ್ಲಿ ಇನ್ನೂ ಬಿಗಿಯಾದ ಷರತ್ತು ಇರಬಹುದು, ಅದನ್ನು ಓದಿಕೊಳ್ಳಬೇಕು.

ಹೊಗೆಯೂ ಇಲ್ಲಿ ಸಾರ್ವಜನಿಕ ವಿಷಯ. ಬರ್ಕ್ಲಿಯೂ ಸೇರಿದ ಬೇ ಏರಿಯಾದ ವಾಯು ಗುಣಮಟ್ಟ ಮಂಡಳಿ 2008ರ ನಿಯಮದ ಪ್ರಕಾರ ಗಾಳಿ ಕೆಟ್ಟ ದಿನಗಳಲ್ಲಿ ಸೌದೆ ಉರಿಸುವುದನ್ನು ನಿಷೇಧಿಸುತ್ತದೆ. ಮೊದಲು ಚಳಿಗಾಲಕ್ಕಷ್ಟೇ ಇದ್ದದ್ದು 2019ರಿಂದ ವರ್ಷವಿಡೀ ಜಾರಿಗೆ ಬಂತು. ನಿಯಮದ ಮುಖ್ಯ ಗುರಿ ಮನೆಯೊಳಗಿನ ಅಗ್ಗಿಷ್ಟಿಕೆ, ಮರದ ಒಲೆ, ಹಿತ್ತಲ ಬೆಂಕಿಗುಂಡಿ. ಆದರೂ ಅಂಥ ದಿನ ಸ್ಮೋಕರ್ ಹಚ್ಚದಿರುವುದೇ ಮರ್ಯಾದೆ. 2020ರ ಸೆಪ್ಟೆಂಬರ್ 9ರಂದು ಕಾಳ್ಗಿಚ್ಚಿನ ಹೊಗೆಯಿಂದ ಹಗಲಲ್ಲೇ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿದ್ದನ್ನು ಕಂಡವರಿಗೆ, ಬೇಲಿಯಾಚೆಯಿಂದ ಹನ್ನೆರಡು ಗಂಟೆ ಹೊಗೆ ಬರುತ್ತಿದ್ದರೆ ಅದು ಅಡುಗೆಯ ಪರಿಮಳ ಎಂದು ಒಪ್ಪಿಸುವುದು ಕಷ್ಟ. ಸ್ವಚ್ಛವಾಗಿ ಉರಿಯುವ ಸಣ್ಣ ಬೆಂಕಿ ಬೇಕೆನ್ನುವುದಕ್ಕೆ ರುಚಿಯ ಜೊತೆ ಇದೂ ಒಂದು ಕಾರಣ.

ಈಗ ಸ್ಮೋಕರ್‌ಗಳ ಬಗೆಗೆ ಬರಬಹುದು. ಚಿತ್ರಗಳಲ್ಲಿ ಎಲ್ಲರ ಕಣ್ಣು ಸೆಳೆಯುವುದು ಅಡ್ಡಲಾಗಿ ಮಲಗಿದ ಕಬ್ಬಿಣದ ಪೀಪಾಯಿ, ಪಕ್ಕದಲ್ಲಿ ಸೌದೆ ಉರಿಯುವ ಪೆಟ್ಟಿಗೆ ಇರುವ ಆಫ್‌ಸೆಟ್ ಸ್ಮೋಕರ್. ಟೆಕ್ಸಸ್ಸಿನ ಹೆಸರಾಂತ ರುಚಿ ಇದರದೇ. ಆದರೆ ಅದಕ್ಕೆ ಅರ್ಧ ಮುಕ್ಕಾಲು ಗಂಟೆಗೊಂದು ಸೌದೆ ತುಂಡು ಹಾಕುತ್ತ ದಿನವಿಡೀ ಪಕ್ಕದಲ್ಲೇ ಇರಬೇಕು. ಅಗ್ಗದ ಮಾದರಿಗಳ ತಗಡು ತೆಳು. ಕಾವು ನಿಲ್ಲುವುದಿಲ್ಲ, ಬಾಗಿಲ ಸಂದಿಯಿಂದ ಹೊಗೆ ಸೋರುತ್ತದೆ. ದಪ್ಪ ಉಕ್ಕಿನದು ಬೇಕೆಂದರೆ ಬೆಲೆ ಮತ್ತು ತೂಕ ಎರಡೂ ಏರುತ್ತವೆ. ಬರ್ಕ್ಲಿಯ ಕಿರಿದಾದ ಹಿತ್ತಲಿಗೆ, ಮೊದಲ ಸಲದವರಿಗೆ, ಇದು ಹೊಂದುವ ಸಾಮಾನಲ್ಲ.

ಚಿಕ್ಕ ಹಿತ್ತಲಾದರೂ ಇರುವವರಿಗೆ ಉತ್ತಮ ಆರಂಭ ಎರಡು ಇದ್ದಿಲ ಸಲಕರಣೆಗಳಲ್ಲಿದೆ. ಒಂದು, ಷಿಕಾಗೋದ ವೆಬರ್ ಲೋಹದ ಕಾರ್ಖಾನೆಯಲ್ಲಿದ್ದ ಜಾರ್ಜ್ ಸ್ಟೀಫನ್ 1952ರಲ್ಲಿ ನೀರಿನ ಮೇಲೆ ತೇಲುವ ಬೋಯೆಯ ಗೋಳವನ್ನು ಕತ್ತರಿಸಿ ರೂಪಿಸಿದ ದುಂಡನೆಯ ಕೆಟಲ್ ಗ್ರಿಲ್. ಇದನ್ನು ಸ್ಮೋಕರ್ ಎಂದು ಯಾರೂ ಮಾರುವುದಿಲ್ಲ. ಆದರೆ 22 ಇಂಚಿನ ಕೆಟಲ್‌ನ ಅಂಚಿಗೆ ಇದ್ದಿಲ ಬಿಲ್ಲೆಗಳನ್ನು ಹಾವಿನಂತೆ ಸಾಲಾಗಿ ಜೋಡಿಸಿ ಒಂದು ತುದಿಗೆ ಕೆಂಡ ಇಟ್ಟರೆ, ಬೆಂಕಿ ಬಿಲ್ಲೆಯಿಂದ ಬಿಲ್ಲೆಗೆ ನಿಧಾನವಾಗಿ ಸಾಗಿ ಆರೇಳು ಗಂಟೆ ಮಂದ ಕಾವು ಕೊಡುತ್ತದೆ. ಮುಚ್ಚಳದ ಗಿಂಡಿ ಆಹಾರದ ಮೇಲಕ್ಕೆ ಬರುವಂತೆ ತಿರುಗಿಸಿದರೆ ಹೊಗೆ ಅದನ್ನು ಹಾದೇ ಹೊರಹೋಗುತ್ತದೆ. ಸ್ಮೋಕಿಂಗ್ ಹಿಡಿಸದೆ ಹೋದರೂ ಜೋಳ ಸುಡಲು, ಬದನೆಕಾಯಿ ಸುಡಲು ಅದು ಉಳಿಯುತ್ತದೆ. ಸುಮಾರು 200 ಡಾಲರಿನ ಆಸುಪಾಸಿನ ಈ ವಸ್ತುವಿನಲ್ಲಿ ದುಡ್ಡು ವ್ಯರ್ಥವಾಗುವ ಭಯ ಕಡಿಮೆ.

ಇನ್ನೊಂದು, ಅದೇ ಕಂಪನಿ 1981ರಲ್ಲಿ ಹೊರತಂದ ಸ್ಮೋಕಿ ಮೌಂಟನ್ ಮಾದರಿಯ ನೆಟ್ಟಗೆ ನಿಂತ ನೀರಿನ ಸ್ಮೋಕರ್. ತಳದಲ್ಲಿ ಇದ್ದಿಲು, ಮಧ್ಯದಲ್ಲಿ ನೀರಿನ ಬೋಗುಣಿ, ಮೇಲೆ ಎರಡು ಜಾಲರಿಗಳು. ಬೋಗುಣಿಯ ನೀರು 100 ಡಿಗ್ರಿ ದಾಟಲಾರದ್ದರಿಂದ ಅದೇ ಒಂದು ಲಗಾಮಿನಂತೆ ಒಳಗಿನ ಕಾವನ್ನು ತಡೆದಿಡುತ್ತದೆ. ಹಚ್ಚದ ಇದ್ದಿಲಿನ ರಾಶಿಯ ಮೇಲೆ ಹತ್ತಿಪ್ಪತ್ತು ಕೆಂಡ ಮಾತ್ರ ಹಾಕಿ ತಳದ ಗಿಂಡಿಗಳನ್ನು ಕಾಲುಭಾಗ ತೆರೆದಿಟ್ಟರೆ ಎಂಟು ಹತ್ತು ಗಂಟೆ ಹೆಚ್ಚು ಗೋಜಿಲ್ಲದೆ ನಡೆಯುತ್ತದೆ. ಸ್ಮೋಕಿಂಗನ್ನೇ ಮಾಡುವುದು ಎಂದು ನಿಶ್ಚಯಿಸಿದವರಿಗೆ, 10 ಅಡಿ ಜಾಗ ಇರುವವರಿಗೆ, 18 ಇಂಚಿನ ಇಂಥದೊಂದು ಮೊದಲ ಆಯ್ಕೆಯಾಗಲು ಯೋಗ್ಯ. ಇಬ್ಬರು ಮೂವರ ಮನೆಗೆ 22 ಇಂಚಿನದು ಇದ್ದಿಲು ತಿನ್ನುವ ಬಕಾಸುರ. ಇದ್ದಿಲ ಬಿಲ್ಲೆ ಕೊಳ್ಳುವಾಗ, ಬೇಗ ಹತ್ತಲೆಂದು ಮೊದಲೇ ಎಣ್ಣೆ ಸೇರಿಸಿದ್ದನ್ನು ತರಬಾರದು. ಗಂಟೆಗಟ್ಟಲೆ ಅದರ ವಾಸನೆಯೇ ಆಹಾರಕ್ಕೆ ಹತ್ತುತ್ತದೆ. ಅಂದಹಾಗೆ ಅಮೆರಿಕದ ಅತಿ ಪರಿಚಿತ ಇದ್ದಿಲು ಕಿಂಗ್ಸ್‌ಫರ್ಡ್‌ನ ಒಡೆತನ 1973ರಿಂದ ಇರುವುದು ಪಕ್ಕದ ಓಕ್‌ಲ್ಯಾಂಡಿನ ಕ್ಲೋರಾಕ್ಸ್ ಕಂಪನಿಯ ಬಳಿ. ಬಟ್ಟೆ ಬಿಳಿಮಾಡುವ ದ್ರಾವಣ ಮತ್ತು ಇದ್ದಿಲು ಒಂದೇ ಮನೆಯ ಸರಕು.

ಜಪಾನಿನ ಮಣ್ಣೊಲೆಯಿಂದ ಬಂದ ಮೊಟ್ಟೆಯಾಕಾರದ ಕಮಾಡೊ ಕಾವು ಹಿಡಿಯುವುದರಲ್ಲಿ ಎಲ್ಲಕ್ಕಿಂತ ಮುಂದು. ಒಂದು ತುಂಬು ಇದ್ದಿಲಿಗೆ ಅಹೋರಾತ್ರಿ ಬೇಯಿಸುತ್ತದೆ, ಬೇಕಾದರೆ 350 ಡಿಗ್ರಿಗೂ ಏರಿ ರೊಟ್ಟಿ ಸುಡುತ್ತದೆ. ದೊಡ್ಡದರ ತೂಕ 70 ಕಿಲೋ ದಾಟುತ್ತದೆ, ಬಿದ್ದರೆ ಒಡೆಯುತ್ತದೆ. ವರ್ಷ ಎರಡು ವರ್ಷಕ್ಕೆ ಮನೆ ಬದಲಿಸುವ ಬಾಡಿಗೆದಾರರು ಇದರ ಮೋಹಕ್ಕೆ ಬೀಳದಿರುವುದು ಒಳ್ಳೆಯದು.

ಪೆಲೆಟ್ ಸ್ಮೋಕರ್ ಇಂದು ಅತಿ ಹೆಚ್ಚು ಪ್ರಚಾರದಲ್ಲಿರುವ ಬಗೆ. ಆರಿಗನ್ ರಾಜ್ಯದ ಮೌಂಟ್ ಏಂಜೆಲ್‌ನಲ್ಲಿ ಜೋ ಟ್ರೇಗರ್ 1980ರ ದಶಕದಲ್ಲಿ ಇದನ್ನು ರೂಪಿಸಿದರು. ಅವರ ಪೇಟೆಂಟ್ ಅವಧಿ ಮುಗಿದ ಮೇಲೆ ಹತ್ತಾರು ಕಂಪನಿಗಳು ಹುಟ್ಟಿಕೊಂಡವು. ಮರದ ಹೊಟ್ಟನ್ನು ಒತ್ತಿ ಮಾಡಿದ ಗುಳಿಗೆಗಳನ್ನು ವಿದ್ಯುತ್ ತಿರುಪು ಸ್ವಲ್ಪಸ್ವಲ್ಪವೇ ಬೆಂಕಿಗೆ ತಳ್ಳುತ್ತದೆ, ಫ್ಯಾನ್ ಗಾಳಿ ಊದುತ್ತದೆ, ಕಾವನ್ನು ಯಂತ್ರವೇ ನೋಡಿಕೊಳ್ಳುತ್ತದೆ. ಬೆಳಿಗ್ಗೆ ಹಚ್ಚಿ ಕೆಲಸಕ್ಕೆ ಕೂರುವವರಿಗೆ ಇದರಷ್ಟು ಅನುಕೂಲ ಬೇರೆಯದಿಲ್ಲ. ಬೆಂಕಿ ಸ್ವಚ್ಛವಾಗಿ ಉರಿಯುವುದರಿಂದ ಹೊಗೆ ತೆಳು. ನೆರೆಯವರಿಗೆ ಅದು ವರ, ಗಾಢ ರುಚಿ ಬಯಸುವವರಿಗೆ ಕೊರತೆ. ಬರ್ಕ್ಲಿಯಲ್ಲಿ ಇದಕ್ಕೆ ಎರಡು ತೊಡಕುಗಳಿವೆ. ಕೊಲ್ಲಿಯಿಂದ ಬರುವ ಬೇಸಿಗೆಯ ಮಂಜಿನ ತೇವಕ್ಕೆ ಗುಳಿಗೆ ಉಬ್ಬಿ ಹುಡಿಯಾಗಿ ತಿರುಪು ಕಟ್ಟಿಕೊಳ್ಳುತ್ತದೆ. ಅಡುಗೆ ಮುಗಿದ ಕೂಡಲೇ ಉಳಿದ ಗುಳಿಗೆ ತೆಗೆದು ಬಿಗಿ ಮುಚ್ಚಳದ ಡಬ್ಬಕ್ಕೆ ತುಂಬಬೇಕು. ಎರಡನೆಯದು ಕರೆಂಟು. 2019ರ ಅಕ್ಟೋಬರ್‌ನಲ್ಲಿ ಕಾಳ್ಗಿಚ್ಚಿನ ಭಯಕ್ಕೆ ವಿದ್ಯುತ್ ಕಂಪನಿಯೇ ಬರ್ಕ್ಲಿ ಗುಡ್ಡಗಳಿಗೆ ಕರೆಂಟು ನಿಲ್ಲಿಸಿತ್ತು. ಕರೆಂಟಿಲ್ಲದೆ ಈ ಯಂತ್ರ ಬರೀ ಕಬ್ಬಿಣದ ಪೆಟ್ಟಿಗೆ. ಇನ್ನೂ ಒಂದು ಮಾತು: ಇದರಿಂದ ಆರಂಭಿಸಿದವರಿಗೆ ಬೆಂಕಿಯ ಹದ ಕೈಗೆ ಬರುವುದಿಲ್ಲ. ಅದು ಬೇಡ, ಊಟ ಸಾಕು ಎನ್ನುವವರು ನಿಶ್ಚಿಂತೆಯಿಂದ ಇದನ್ನೇ ಕೊಳ್ಳಬಹುದು.

ಕರೆಂಟಿನ ಕಪಾಟು ಮಾದರಿಯಲ್ಲಿ ಬಿಸಿಮಾಡುವ ಸುರುಳಿಯ ಮೇಲಿನ ತಟ್ಟೆಯಲ್ಲಿ ಮರದ ಚಕ್ಕೆ ಹೊಗೆಯಾಡುತ್ತದೆ. ಬೆಲೆ ಕಡಿಮೆ, ತೆರೆದ ಜ್ವಾಲೆಯಿಲ್ಲ. ಹಲವು ಮಾದರಿಗಳು 135 ಡಿಗ್ರಿಗೇ ನಿಲ್ಲುವುದರಿಂದ ಕೋಳಿಯ ಚರ್ಮ ರಬ್ಬರಿನಂತೆ ಉಳಿಯುತ್ತದೆ, ಮಾಂಸಕ್ಕೆ ಕಂದು ಹೊರಪದರ ಕೂಡುವುದಿಲ್ಲ. ಮೀನು, ಚೀಸ್, ತರಕಾರಿಗೆ ಧಾರಾಳ ಸಾಕು. ಪ್ರೊಪೇನ್ ಕಪಾಟು ಇದರದೇ ಸಹೋದರ, ಸಿಲಿಂಡರು ಬೇರೆ. ಹೊಸ ಕಟ್ಟಡಗಳಿಗೆ ನೈಸರ್ಗಿಕ ಅನಿಲದ ಕೊಳವೆ ಬೇಡವೆಂದು 2019ರಲ್ಲಿ ದೇಶದಲ್ಲೇ ಮೊದಲು ಕಾಯಿದೆ ಮಾಡಿ, ನ್ಯಾಯಾಲಯದಲ್ಲಿ ಸೋತು, 2024ರಲ್ಲಿ ಅದನ್ನು ಹಿಂತೆಗೆಯಲು ಒಪ್ಪಿದ ಊರು ಬರ್ಕ್ಲಿ. ಆ ಗದ್ದಲಕ್ಕೂ ಹಿತ್ತಲ ಸಿಲಿಂಡರಿಗೂ ಸಂಬಂಧವಿಲ್ಲ.

ಹಿತ್ತಲೇ ಇಲ್ಲದವರಿಗೆ ಒಲೆಯ ಮೇಲಿಡುವ ಉಕ್ಕಿನ ಡಬ್ಬಿಗಳಿವೆ: ತಳಕ್ಕೆ ಎರಡು ಚಮಚ ಮರದ ಹುಡಿ, ಮೇಲೆ ಜಾಲರಿ, ಬಿಗಿಯಾದ ಮುಚ್ಚಳ. ಹಳೆಯ ಕಬ್ಬಿಣದ ಬಾಣಲೆಗೆ ಫಾಯಿಲ್ ಹಾಸಿ ಚಹಾ ಎಲೆ, ಅಕ್ಕಿ, ಸಕ್ಕರೆ ಹಾಕಿ ಚೀನೀಯರು ಮಾಡುವ ಹೊಗೆಯಡುಗೆಯೂ ಇದೇ ಉಪಾಯ. ಇಪ್ಪತ್ತು ನಿಮಿಷದಲ್ಲಿ ಮೀನಿನ ತುಂಡೊ ಪನೀರೊ ಸಿದ್ಧ. ಒಲೆಯ ಮೇಲಿನ ಫ್ಯಾನು ಹೊಗೆಯನ್ನು ಮನೆಯಾಚೆ ತಳ್ಳುವಂಥದಾಗಿರಬೇಕು. ಶೋಧಿಸಿ ಮತ್ತೆ ಒಳಗೇ ಬಿಡುವ ಫ್ಯಾನಾದರೆ ಇಡೀ ಕಟ್ಟಡದ ಅಲಾರಂ ಕೂಗೀತು. ಇದ್ದಿಲು ಮತ್ತು ಪೆಲೆಟ್ ಸ್ಮೋಕರ್‌ಗಳನ್ನು ಮಾತ್ರ ಮಳೆಗೆ ಹೆದರಿ ಗ್ಯಾರೇಜಿನೊಳಗೆ ಎಳೆದುಕೊಂಡು ಹಚ್ಚಕೂಡದು. ಬಣ್ಣ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಅಲ್ಲಿ ಕೊಲ್ಲುತ್ತದೆ.

ಕನ್ನಡದ ಮನೆಗಳಲ್ಲಿ ಆಯ್ಕೆಯನ್ನು ತಿರುಗಿಸುವ ಇನ್ನೊಂದು ಸಂಗತಿ ಸಸ್ಯಾಹಾರ. ಸ್ಮೋಕರ್ ಕುರಿತ ಅಮೆರಿಕದ ಪುಸ್ತಕಗಳೆಲ್ಲ ದನ, ಹಂದಿಯ ಸುತ್ತ ತಿರುಗುತ್ತವೆ. ಐದಾರು ಕಿಲೋ ಮಾಂಸ ಇಡೀ ದಿನ ಬೇಯುವುದನ್ನು ಲೆಕ್ಕಕ್ಕಿಟ್ಟು ಗಾತ್ರ ಹೇಳುತ್ತವೆ. ತರಕಾರಿಗೆ ಅಷ್ಟು ಸಮಯವೂ ಬೇಡ, ಅಷ್ಟು ದೊಡ್ಡ ಪೆಟ್ಟಿಗೆಯೂ ಬೇಡ. ಸೀಳಿದ ಟೊಮೆಟೊ, ಬೆಳ್ಳುಳ್ಳಿಗಡ್ಡೆ, ಈರುಳ್ಳಿ ಒಂದೂವರೆ ಗಂಟೆ ಹೊಗೆಯಲ್ಲಿದ್ದರೆ ಸಾರಿಗೆ ಬೇರೆಯದೇ ಆಳ ಬರುತ್ತದೆ. ಹೊಗೆ ಹಿಡಿದ ಬದನೆಕಾಯಿಯ ಮೊಸರುಬಜ್ಜಿ, ಕೆಂಡದಲ್ಲಿ ಸುಟ್ಟದ್ದಕ್ಕಿಂತ ಮೆದುವಾದ ರುಚಿ ಕೊಡುತ್ತದೆ. ಮೆಕ್ಸಿಕೋದ ಚಿಪೋಟ್ಲೆ ಹಣ್ಣಾದ ಹಲಪೆನ್ಯೊ ಮೆಣಸಿಗೆ ಹೊಗೆ ಕೊಟ್ಟದ್ದೇ. ಸ್ಪೇನಿನ ಲಾ ವೇರಾದ ಕೆಂಪುಮೆಣಸಿನ ಪುಡಿ ಓಕ್ ಹೊಗೆಯಲ್ಲಿ ಒಣಗಿದ್ದು. ಬ್ಯಾಡಗಿ ಮೆಣಸಿನಕಾಯಿಯನ್ನು ಹಾಗೆಯೇ ನಡೆಸಿಕೊಳ್ಳಲು ಅಡ್ಡಿಯೇನಿಲ್ಲ.

ಚೀಸ್, ಬೆಣ್ಣೆ, ಕಲ್ಲುಪ್ಪು, ಬಾದಾಮಿಗೆ ಬೇಕಾದ್ದು ತಣ್ಣನೆಯ ಹೊಗೆ, ಅಂದರೆ 30 ಡಿಗ್ರಿಯೊಳಗಿನದು. ಇದಕ್ಕೆ ಸ್ಮೋಕರ್ ಬೇಕೆಂದೇ ಇಲ್ಲ. ಪೆಲೆಟ್ ತುಂಬುವ ತೂತುಕೊಳವೆಯೊಂದು ಕೆಲವೇ ಡಾಲರಿಗೆ ಸಿಗುತ್ತದೆ. ಬೇರೆ ಬೆಂಕಿಯಿಲ್ಲದ ಕೆಟಲ್‌ನಲ್ಲಿ ಅದನ್ನಿಟ್ಟರೆ ಗಂಟೆಗಟ್ಟಲೆ ಹೊಗೆಯಾಡುತ್ತದೆ. ಬೆಂಗಳೂರಿನ ಏಪ್ರಿಲ್‌ನಲ್ಲಿ ಚೀಸ್ ಕರಗಿಹೋದೀತು; ಜುಲೈ ಮಧ್ಯಾಹ್ನವೂ ಸಾಮಾನ್ಯವಾಗಿ 20–22 ಡಿಗ್ರಿ ದಾಟದ ಬರ್ಕ್ಲಿಯ ಹವೆ ಮಾತ್ರ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಹೊಗೆ ಕೊಟ್ಟ ಚೀಸನ್ನು ಸುತ್ತಿಟ್ಟು ಒಂದೆರಡು ವಾರ ಫ್ರಿಜ್ಜಿನಲ್ಲಿ ಬಿಟ್ಟರೆ ಕಟುತನ ಇಳಿಯುತ್ತದೆ. ಮಾಂಸ, ಮೀನಿಗೆ ತಣ್ಣನೆಯ ಹೊಗೆ ಆರಂಭಿಕರ ವಿದ್ಯೆಯಲ್ಲ. ಉಪ್ಪಿನ ಪ್ರಮಾಣ ತಪ್ಪಿದರೆ ಬಾಟುಲಿಸಂ ತರುವ ಸೂಕ್ಷ್ಮಾಣುಗಳಿಗೆ ಅದು ಹಬ್ಬ.

ಮಾಂಸ ಬೇಯಿಸಿದ ಸ್ಮೋಕರ್‌ನ ಗೋಡೆಗೆ ಜಿಡ್ಡು ಅಂಟಿರುತ್ತದೆ, ತೊಳೆದರೂ ವಾಸನೆ ಹೋಗುವುದಿಲ್ಲ. ಇದರಲ್ಲಿ ಮಾಡಿದ್ದನ್ನು ಕಟ್ಟುನಿಟ್ಟಿನ ಸಸ್ಯಾಹಾರಿ ನೆಂಟರಿಗೆ ಬಡಿಸಲಾಗದು. ಎರಡೂ ಬಗೆಯ ಊಟ ಇರುವ ಮನೆಗೆ ಒಂದು ದುಬಾರಿ ಯಂತ್ರಕ್ಕಿಂತ ಎರಡು ಅಗ್ಗದ ಕೆಟಲ್‌ಗಳು ಒಳ್ಳೆಯವು.

ಸೌದೆಯ ವಿಷಯದಲ್ಲಿ ಕ್ಯಾಲಿಫೋರ್ನಿಯಾ ಸಮೃದ್ಧ. ಮಧ್ಯ ಕಣಿವೆಯ ಬಾದಾಮಿ ತೋಟಗಳ ಮರ, ಸೇಬಿನ ಮರ, ಓಕ್ ಎಲ್ಲ ಸಿಗುತ್ತವೆ. ಬಾದಾಮಿ ಮತ್ತು ಸೇಬು ಸೌಮ್ಯ, ಮೀನು ತರಕಾರಿಗೆ ಒಪ್ಪುತ್ತವೆ; ಮೆಸ್ಕೀಟ್ ಬಲು ಖಾರ, ಹೊಸಬರ ಕೈಯಲ್ಲಿ ಬೇಗ ಕಹಿಯಾಗುತ್ತದೆ. ಬರ್ಕ್ಲಿ ಗುಡ್ಡಗಳಲ್ಲಿ ಪುಕ್ಕಟೆ ಬಿದ್ದಿರುವ ನೀಲಗಿರಿ, ಪೈನ್, ಬೇ ಲಾರೆಲ್ ಸೌದೆಗಳನ್ನು ಮುಟ್ಟಲೇಬಾರದು. ಅವುಗಳ ರಾಳ ಮತ್ತು ಎಣ್ಣೆ ಆಹಾರಕ್ಕಿಳಿಯುತ್ತವೆ. ಕಣಗಿಲೆಯಂತೂ ವಿಷ. ಬಣ್ಣ ಬಳಿದ, ಔಷಧ ಹೊಡೆದ ಹಳೆ ಹಲಗೆಗಳೂ ಸಲ್ಲವು. ಚಕ್ಕೆಯನ್ನು ನೀರಲ್ಲಿ ನೆನೆಸುವ ರೂಢಿಯಿಂದ ಪ್ರಯೋಜನವಿಲ್ಲ. ನೀರು ಆವಿಯಾದ ಮೇಲೇ ಅದು ಹೊಗೆಯಾಡುವುದು.

ಸ್ಮೋಕರ್ ಜೊತೆ ಕಡ್ಡಾಯವಾಗಿ ಕೊಳ್ಳಬೇಕಾದ್ದು ಎರಡು ಕಡ್ಡಿಗಳಿರುವ ಡಿಜಿಟಲ್ ಥರ್ಮಾಮೀಟರ್, ಒಂದು ಜಾಲರಿಯ ಬಳಿ, ಇನ್ನೊಂದು ಆಹಾರದೊಳಗೆ. ಮುಚ್ಚಳದಲ್ಲಿ ಕೂರಿಸಿ ಬರುವ ಮುಳ್ಳಿನ ಮಾಪಕವನ್ನು ನಂಬುವಂತಿಲ್ಲ. ಅಮೆರಿಕದ ಕೃಷಿ ಇಲಾಖೆಯ ಪ್ರಕಾರ ಕೋಳಿಯ ಒಳಭಾಗ 74 ಡಿಗ್ರಿ, ಮೀನು 63 ಡಿಗ್ರಿ ಮುಟ್ಟಬೇಕು. ಹಂದಿಯ ಭುಜ, ದನದ ಎದೆಯಂಥ ಗಟ್ಟಿ ಭಾಗಗಳು 63ಕ್ಕೇ ತಿನ್ನಲು ಸುರಕ್ಷಿತವಾದರೂ ಅವುಗಳ ಕೊಲ್ಯಾಜೆನ್ ಕರಗಿ ಜೆಲಾಟಿನ್ ಆಗಲು 93–95 ಡಿಗ್ರಿಯವರೆಗೆ ಕಾಯಬೇಕು. ನಡುವೆ 65ರಿಂದ 75ರ ಆಸುಪಾಸು ಥರ್ಮಾಮೀಟರಿನ ಅಂಕೆ ಗಂಟೆಗಟ್ಟಲೆ ಅಲುಗದೆ ನಿಲ್ಲುತ್ತದೆ. ಯಂತ್ರ ಕೆಟ್ಟಿತೆಂದು ಹೊಸಬರು ಗಾಬರಿಯಾಗುವುದು ಇಲ್ಲೇ. ಮಾಂಸದ ಮೇಲ್ಮೈಯಿಂದ ನೀರು ಆವಿಯಾಗುತ್ತ ಅದನ್ನು ತಂಪಾಗಿಸುತ್ತಿರುತ್ತದೆ, ಅಷ್ಟೇ. ಕಾಗದದಲ್ಲಿ ಸುತ್ತಿಟ್ಟರೆ ಮುಂದೆ ಸಾಗುತ್ತದೆ.

ಆದ್ದರಿಂದ ಮೊದಲ ಅಡುಗೆಗೆ ಕೋಳಿಯ ತೊಡೆಯೊ ಸಾಮನ್ ಮೀನೊ ಸಾಕು, ಎರಡು ಗಂಟೆಯ ಕೆಲಸ. ಕ್ಯಾಲಿಫೋರ್ನಿಯಾದ ಸಾಮನ್ ಹಿಡಿಯುವ ಋತು 2023 ಮತ್ತು 2024ರಲ್ಲಿ ಪೂರ್ತಿ ಮುಚ್ಚಿತ್ತು. ಹಾಗಾಗಿ ಹಾಪ್ಕಿನ್ಸ್ ಬೀದಿಯ ಮಾಂಟೆರೇ ಫಿಶ್ ಮಾರ್ಕೆಟ್‌ನಂಥ ಅಂಗಡಿಯಲ್ಲೂ ಅಲಾಸ್ಕದ ಮೀನನ್ನು ಕೇಳಬೇಕಾಗಬಹುದು. ಉಪ್ಪು, ಬೆಲ್ಲ ಸವರಿ ರಾತ್ರಿ ಫ್ರಿಜ್ಜಿನಲ್ಲಿಟ್ಟು, ತೊಳೆದು, ಮೇಲ್ಮೈ ಅಂಟಂಟಾಗುವಷ್ಟು ಆರಿಸಿದ ಮೇಲೆ ಹೊಗೆ ಕೊಟ್ಟರೆ ಚೆನ್ನಾಗಿ ಹಿಡಿಯುತ್ತದೆ. ಹೊಗೆಯಡುಗೆ ವಾರಕ್ಕೊಮ್ಮೆಯ ಊಟವಾಗಬೇಕಾಗಿಲ್ಲ. ಹೊಗೆ, ಉಪ್ಪುಗಳಿಂದ ಸಂಸ್ಕರಿಸಿದ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ.

ಹೊಸ ಸ್ಮೋಕರನ್ನು ಆಹಾರವಿಲ್ಲದೆ ಒಮ್ಮೆ ಎರಡು ಮೂರು ಗಂಟೆ ಉರಿಸಬೇಕು. ಕಾರ್ಖಾನೆಯ ಎಣ್ಣೆ ಸುಟ್ಟುಹೋಗುತ್ತದೆ, ಯಾವ ಗಿಂಡಿ ಎಷ್ಟು ತೆರೆದರೆ ಎಷ್ಟು ಕಾವು ಎಂಬುದೂ ತಿಳಿಯುತ್ತದೆ. ಮುಗಿದ ಮೇಲೆ ಗಿಂಡಿಗಳನ್ನೆಲ್ಲ ಮುಚ್ಚಿದರೆ ಬೆಂಕಿ ಆರಿ, ಉಳಿದ ಇದ್ದಿಲು ಮುಂದಿನ ಸಲಕ್ಕೆ ಒದಗುತ್ತದೆ. ಬೂದಿಯೊಳಗಿನ ಕೆಂಡ ಒಂದೆರಡು ದಿನವಾದರೂ ಜೀವಂತವಿರಬಲ್ಲದು. ಅದನ್ನು ಮುಚ್ಚಳವಿರುವ ಲೋಹದ ಡಬ್ಬದಲ್ಲಿ, ಮರದ ಡೆಕ್ಕಿನಿಂದ ದೂರದ ನೆಲದ ಮೇಲಿಟ್ಟು, ನೀರು ಚಿಮುಕಿಸಿ, ಕೈಗೆ ತಣ್ಣಗಾದ ನಂತರವೇ ಕಸಕ್ಕೆ ಹಾಕಬೇಕು.